ಗೌಡರ ಹೊಟ್ಟೆ, ಕುಷ್ಟಗಿಯ ರೊಟ್ಟಿ

ಮೊನ್ನೆ ಕೊಪ್ಪಳದ ಬಸ್‌ಸ್ಟ್ಯಾಂಡಿನಲ್ಲಿ ಹೊಸದಾಗಿ ಫಾರ್ಮಸಿಸ್ಟ್ ಕೆಲಸಕ್ಕೆ ಸೇರಿದ ಹೆಣ್ಣುಮಗಳೊಬ್ಬಳು ಸಿಕ್ಕಿದ್ದಳು. "ಸರ್, ನಿಮ್ಮ ಕಾಲದಾಗ ಕಂಪೌಂಡರ್ ಕೆಲಸ ಅಂದ್ರ ಹೆಂಗಿತ್ರಿ?" ಎಂದು ಕೇಳಿದಳು. ಬಾಯಿ ತೆರೆಯುವಷ್ಟರಲ್ಲಿ ಅವಳ ಬಸ್ಸು ಬಂತು. ಅರ್ಧಕ್ಕೆ ನಿಂತ ಮಾತು ಗಂಟಲಲ್ಲಿ ಸಿಕ್ಕಿಕೊಂಡರೆ ನನಗೆ ನಿದ್ದೆ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಚಿಕ್ಕದಾಗಿ ಹೇಳಬೇಕೆಂದರೆ, ಸರ್ಕಾರದ ಸಂಬಳ ತಿಂದು ನಾನು ಜನರ ಹೊಟ್ಟೆಯ ಸಮಾಚಾರ ಕೇಳುತ್ತ ಕೂತೆ. ಬಡ್ತಿ ಯಾವಾಗ ಬಂತು, ಎಲ್ಲಿ ತಪ್ಪಿತು ಎಂಬುದು ನನ್ನ ಹೆಂಡತಿಗೆ ಮಾತ್ರ ಆಸಕ್ತಿ ಇದ್ದ ವಿಷಯ. ಈಗ ಅವಳೂ ಕೇಳುವುದನ್ನು ಬಿಟ್ಟಿದ್ದಾಳೆ.

ನಾನು ಸೇರಿದ್ದು ಎಪ್ಪತ್ತರ ದಶಕದ ಆರಂಭದಲ್ಲಿ, ಯಲಬುರ್ಗಾ ಕಡೆಯ ಒಂದು ಸರ್ಕಾರಿ ದವಾಖಾನೆಗೆ. ಆಗ ಕೊಪ್ಪಳ ಇನ್ನೂ ಜಿಲ್ಲೆಯಾಗಿರಲಿಲ್ಲ, ನಾವೆಲ್ಲ ರಾಯಚೂರಿನವರು. ಈಗಿನಂತೆ ಹೊಳೆಯುವ ಹಾಳೆಯಲ್ಲಿ ಗುಳಿಗೆಗಳು ಸಾಲಾಗಿ ಕೂತು ಬರುತ್ತಿರಲಿಲ್ಲ. ಕಂಪೌಂಡರನೇ ದೊಡ್ಡ ಜಾಡಿಗಳಲ್ಲಿ ಮಿಕ್ಸ್ಚರ್ ಕಲಸಿಡಬೇಕು, ರೋಗಿ ಮನೆಯಿಂದ ಬಾಟಲಿ ತರಬೇಕು. ಬಂದ ಬಾಟಲಿಯ ವಾಸನೆ ನೋಡಿದರೆ ಮನೆತನದ ಸಮಾಚಾರ ತಿಳಿಯುತ್ತಿತ್ತು. ಒಂದರಲ್ಲಿ ಕುಸುಬಿ ಎಣ್ಣೆ, ಒಂದರಲ್ಲಿ ಸೀಮೆಎಣ್ಣೆ, ಇನ್ನೊಂದರಲ್ಲಿ ಗಂಡ ಹೆಂಡತಿಗೆ ಹೇಳದೆ ಕುಡಿದ ವಸ್ತು. ಔಷಧ ತುಂಬಿ, ಬಾಟಲಿಯ ಮೇಲೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದೆ. ಒಂದು ಹಲ್ಲಿನಷ್ಟು ಇಳಿದರೆ ಒಂದು ಹೊತ್ತಿನ ಔಷಧವಾಯಿತು ಎಂದು ಲೆಕ್ಕ.

ಇಷ್ಟು ಸರಳವಾದ ಏರ್ಪಾಡೂ ಕೈಕೊಡಬಹುದು ಎಂದು ನನಗೆ ಕಲಿಸಿದವನು ಒಬ್ಬ ಕುರಿಗಾರ ಅಜ್ಜ. "ಹೊತ್ತಿಗೆ ಒಂದು ಹಲ್ಲು ತಗೋ ಅಜ್ಜಾ" ಎಂದು ಹೇಳಿ ಕಳಿಸಿದ್ದೆ. ನಾಲ್ಕು ದಿನ ಬಿಟ್ಟು ನಗುನಗುತ್ತ ಬಂದು ತುಂಬಿದ ಬಾಟಲಿಯನ್ನು ಮೇಜಿನ ಮೇಲಿಟ್ಟ. "ಆರಾಮ ಆತ್ರಿ ಸಾಹೇಬ್ರ. ಹಲ್ಲೆಲ್ಲಾ ತಿಂದೆ. ಈ ನೀರು ಉಳದೈತಿ, ಯಾರಿಗರ ಬಡವರಿಗೆ ಕೊಡ್ರಿ" ಎಂದ. ಕಾಗದವನ್ನೇ ಹೊತ್ತಿಗೊಂದು ಚೂರು ಹರಿದು ನುಂಗಿದ್ದ. ಹುಡುಗಿಯರೇ, ಹುಡುಗರೇ, ನೀವು ಹೇಳಿದ್ದೇ ಬೇರೆ, ರೋಗಿ ತಿಳಿದುಕೊಂಡಿದ್ದೇ ಬೇರೆ ಎಂಬುದು ಈ ಕೆಲಸದ ಮೊದಲ ಪಾಠ. ಆದರೂ ಆರಾಮವಾದರೆ ಜಗಳ ತೆಗೆಯಬೇಡಿ.

ಯಲಬುರ್ಗಾದ ನನ್ನ ಮೊದಲ ಡಾಕ್ಟರು ವಯಸ್ಸಾದವರು. ಕಾಲು ಮುರಿದು ಬಂದವನಿಗೂ ಅವರ ಮೊದಲ ಪ್ರಶ್ನೆ ಒಂದೇ: "ಬಯಲಕಡಿಗೆ ಸರಿಯಾಗಿ ಆಗೈತೇನು?" ಎರೆಹೊಲದ ಆ ಮಂದಿಗೆ ಅದೊಂದು ಅವಮಾನದ ಪ್ರಶ್ನೆ. "ಅದೂ ಒಂದು ಕೇಳೂ ಮಾತೇನ್ರಿ? ಕೋಳಿ ಕೂಗತೈತಿ, ನಾವು ಹೋಗ್ತೇವಿ" ಎನ್ನುತ್ತಿದ್ದರು. ಮೂರು ಹೊತ್ತೂ ಜೋಳದ ರೊಟ್ಟಿ, ಕಾಳು, ಸೊಪ್ಪು ತಿಂದು, ಹೊಲದಲ್ಲಿ ಬಗ್ಗಿ ಎದ್ದು, ಕೊಡಗಟ್ಟಲೆ ಮಜ್ಜಿಗೆ ಕುಡಿಯುವ ಜನ. ಮಲಬದ್ಧತೆಯ ಜಾಡಿಗೆ ಜೇಡ ಬಲೆ ಕಟ್ಟಿತ್ತು. ಜೇಡ ನೆಮ್ಮದಿಯಿಂದ ಸಂಸಾರ ಮಾಡಿಕೊಂಡಿತ್ತು, ನಾನೂ ಅದರ ತಂಟೆಗೆ ಹೋಗಲಿಲ್ಲ.

ಕೆಲವು ವರ್ಷದ ಮೇಲೆ ನನ್ನನ್ನು ಗಂಗಾವತಿ ತಾಲೂಕಿಗೆ, ಮರಳಿ ಎಂಬ ಹಳ್ಳಿಯ ಹತ್ತಿರದ ಒಂದು ಊರಿಗೆ ಎತ್ತಿಹಾಕಿದರು. ಕಾಲುವೆಯ ಊರು. ಎತ್ತ ನೋಡಿದರೂ ಭತ್ತದ ಗದ್ದೆ, ದಾರಿಗೊಂದು ಅಕ್ಕಿ ಗಿರಣಿ. ಮೊದಲ ವಾರವೇ ಮಲಬದ್ಧತೆಯ ಜಾಡಿ ಖಾಲಿಯಾಯಿತು. ಯಾರೋ ಕದ್ದರು ಎಂದುಕೊಂಡು ಬೀಗ ಹಾಕಿದೆ. ಎರಡನೆಯ ವಾರವೂ ಖಾಲಿಯಾಯಿತು. ನೋಡಿದರೆ ಕದ್ದವರು ಯಾರೂ ಇಲ್ಲ, ಕೊಟ್ಟವನು ನಾನೇ. ಊರಿನ ಅರ್ಧ ಮಂದಿ ಮುಖ ಗಂಟಿಕ್ಕಿಕೊಂಡು ಬಾಟಲಿ ಹಿಡಿದು ನಿಲ್ಲುತ್ತಿದ್ದರು. ಯಲಬುರ್ಗಾದಲ್ಲಿ ಜೋಳ ಬೆಳೆಯದಿದ್ದರೆ ಅಳುತ್ತಿದ್ದರು, ಇಲ್ಲಿ ಭತ್ತ ತುಂಬಿ ತುಳುಕಿದರೂ ಮುಖದಲ್ಲಿ ನಗುವಿಲ್ಲ ಎಂದು ನನಗೆ ಸೋಜಿಗವಾಯಿತು.

ಇದರ ಗುಟ್ಟು ಬಿಡಿಸಿದವರು ಅಲ್ಲಿನ ಹೊಸ ಡಾಕ್ಟರು, ನಾಗರಾಜ ಎಂದು ಹೆಸರು. ಮೈಸೂರು ಕಡೆಯವರು, ಮುದ್ದೆ ತಿಂದು ಬೆಳೆದವರು. ಬಂದ ಮೂರನೆಯ ದಿನ ಮೇಜಿನ ಮೇಲೆ ಒಂದು ಲೋಟದಲ್ಲಿ ಭತ್ತದ ತೌಡು ಹಾಕಿ ನೀರು ಸುರಿದಿಟ್ಟರು. ಮಧ್ಯಾಹ್ನಕ್ಕೆ ತೌಡು ನೀರೆಲ್ಲ ಕುಡಿದು ಮೆತ್ತಗೆ ಉಬ್ಬಿ ಕೂತಿತ್ತು.

"ನೋಡ್ರೀ, ಕಾಳಿನ ಹೊರಸಿಪ್ಪೆಯಲ್ಲಿ ನಾರು ಇರುತ್ತೆ. ಅದು ನಮ್ಮ ಹೊಟ್ಟೆಯಲ್ಲಿ ಅನ್ನದ ಹಾಗೆ ಕರಗಿಹೋಗಲ್ಲ. ಹೀಗೆ ನೀರು ಹೀರಿಕೊಂಡು ಕರುಳಿಗೆ ಇಳಿಯುತ್ತೆ. ಮಲ ಮೆತ್ತಗಾಗಿ, ಗಾತ್ರ ಬಂದು, ಕರುಳಿಗೆ ಮುಂದೆ ತಳ್ಳೋದು ಸುಲಭವಾಗುತ್ತೆ. ಜೋಳವನ್ನ ನೀವು ಸಿಪ್ಪೆ ಸಮೇತ ಬೀಸ್ತೀರಿ. ಇಲ್ಲಿ ಅಕ್ಕಿಗೆ ಕನ್ನಡಿ ಥರ ಪಾಲಿಶ್ ಹೊಡೆದು, ಸಿಪ್ಪೆನೆಲ್ಲಾ ಎಮ್ಮೆಗೆ ಹಾಕಿ, ಬಿಳೀ ಭಾಗ ತಾವು ತಿಂತಾರೆ. ಎಮ್ಮೆ ಆರೋಗ್ಯವಾಗಿದೆ."

ನನಗೆ ಕುರಿಗಾರ ಅಜ್ಜನ ನೆನಪಾಗಿ ಅವನ ಕಥೆ ಹೇಳಿದೆ. ಡಾಕ್ಟರು ಕುರ್ಚಿ ಹಿಡಿದುಕೊಂಡು ನಕ್ಕರು. "ಕಾಗದದಲ್ಲೂ ನಾರಿದೆ ಕಣ್ರೀ, ಆದರೆ ಅದನ್ನ ನಾನು ಬರೆದುಕೊಡೋಕೆ ಆಗಲ್ಲ" ಎಂದರು. ಲೋಟದ ತೌಡನ್ನು ಜವಾನ ಸಂಜೆ ತನ್ನ ಕೋಳಿಗೆ ಹಾಕಿದ.

ಆ ಊರಿನ ಹೊಟ್ಟೆಗಳ ಪೈಕಿ ಹಿರಿಯ ಹೊಟ್ಟೆ ಶರಣೇಗೌಡರದು. ಎತ್ತರದ ಆಳು, ದೊಡ್ಡ ರುಮಾಲು, ದೊಡ್ಡ ಮೀಸೆ, ಕಾಲುವೆಯ ಕೆಳಗೆ ದೊಡ್ಡ ಗದ್ದೆ. ಇಷ್ಟೆಲ್ಲ ದೊಡ್ಡದಿದ್ದ ಮನುಷ್ಯ ಮುಂಜಾನೆ ನೀರಿನ ಚರಿಗೆ ಹಿಡಿದು ಬಯಲಿಗೆ ಹೋದರೆ ಬಿಸಿಲೇರಿದ ಮೇಲೆ ಸೋತ ಮುಖ ಹೊತ್ತು ತಿರುಗಿ ಬರುತ್ತಿದ್ದರು. ಗೌಡರು ಅಂದು ಹೇಗೆ ಬಂದರು ಎಂದು ಆಳುಮಕ್ಕಳು ಒಬ್ಬರನ್ನೊಬ್ಬರು ಕೇಳಿ ತಿಳಿದುಕೊಂಡೇ ಸಂಬಳ ಕೇಳಲು ಹೋಗುತ್ತಿದ್ದರು.

ಡಾಕ್ಟರು ಅವರಿಗೆ ನೇರವಾಗಿ ಹೇಳಿದರು: "ಗೌಡರೇ, ಬಿಳೀ ಅನ್ನ ಕಡಿಮೆ ಮಾಡಿ. ಜೋಳದ ರೊಟ್ಟಿ, ಕಾಳು, ಸೊಪ್ಪು ತಿನ್ನಿ. ಚೆನ್ನಾಗಿ ನೀರು ಕುಡೀರಿ."

ಗೌಡರು ರುಮಾಲು ಸರಿಮಾಡಿಕೊಂಡರು. "ಡಾಕ್ಟರ್ ಸಾಹೇಬ್ರ, ನಮ್ಮಪ್ಪ ರೊಟ್ಟಿ ತಿಂದಾನ. ಕಾಲುವಿ ಬಂದ ಮ್ಯಾಲ ನಾವು ಅನ್ನ ಉಣ್ಣೂ ಮಂದಿ ಆಗೇವಿ. ಈಗ ನಾ ಮತ್ತ ರೊಟ್ಟಿ ಮುರದ್ರ, ಗೌಡನ ಗದ್ದಿ ಹೋತು ಅಂತಾರ ಊರಾಗ. ಬಾಟ್ಲಿ ತಂದೀನಿ, ತುಂಬಿ ಕೊಡ್ರಿ."

ಅವರ ಮನೆಯಲ್ಲಿ ರೊಟ್ಟಿ ಇರಲಿಲ್ಲ ಎಂದಲ್ಲ. ದಿನಾ ಬುಟ್ಟಿಗಟ್ಟಲೆ ಬಡಿಯುತ್ತಿದ್ದರು. ಅದು ಹಿತ್ತಲಲ್ಲಿ ಕೂತು ಉಣ್ಣುವ ಆಳುಗಳಿಗೆ. ಗೌಡರ ಹೆಂಡತಿ ನೀಲವ್ವ ರುಚಿ ನೋಡುವ ನೆಪದಲ್ಲಿ ಅಲ್ಲೇ ಒಂದೆರಡು ಮುಗಿಸುತ್ತಿದ್ದರು. ಪಡಸಾಲೆಯಲ್ಲಿ ಕೂತು ಸಣ್ಣಕ್ಕಿಯ ಅನ್ನ ಉಣ್ಣುತ್ತಿದ್ದ ಗೌಡರೊಬ್ಬರೇ ಆ ಮನೆಯ ರೋಗಿ.

ನನಗೊಂದು ಉಪಾಯ ಹೊಳೆಯಿತು. ಗಿರಣಿಯಿಂದ ಒಳ್ಳೆಯ ತೌಡು ತರಿಸಿ, ಜರಡಿ ಹಿಡಿದು, ಹುರಿದು, ಒಂದಿಷ್ಟು ಕೆಂಪು ಬಣ್ಣ ಬೆರೆಸಿ, ಪೊಟ್ಟಣ ಕಟ್ಟಿ "ಬೆಲೆಬಾಳುವ ಪುಡಿ" ಎಂದು ಕೊಟ್ಟೆ. ಡಾಕ್ಟರು ಬೇಡ ಎನ್ನಲಿಲ್ಲ. ಗೌಡರು ವಾರಗಟ್ಟಲೆ ಮಜ್ಜಿಗೆಯಲ್ಲಿ ಕಲಸಿ ಕುಡಿದರು. ಮುಖ ಸ್ವಲ್ಪ ತಿಳಿಯಾಯಿತು. ಒಂದು ದಿನ ದಾರಿಯಲ್ಲಿ ನನ್ನನ್ನು ನೋಡಿ ಅರ್ಧ ನಕ್ಕದ್ದೂ ಉಂಟು.

ಮರುವಾರ ದವಾಖಾನೆ ತುಂಬ ಮಂದಿ ಇರುವಾಗ ಗೌಡರು ಬಂದರು. ಅಂಗಿಯ ಬಲಗಡೆಯ ಕಿಸೆ ಹರಿದು ಜೋತಾಡುತ್ತಿತ್ತು.

"ಕಂಪೌಂಡ್ರ, ನಿಮ್ಮ ಪುಡಿ ಏನಂತ ನನಗ ತಿಳೀಲಿಲ್ಲ. ಡಾಕ್ಟರ್‌ಗೂ ತಿಳದಿರಾಕಿಲ್ಲ. ನಮ್ಮ ಎಮ್ಮಿಗೆ ತಿಳೀತು."

ನಾನು ತಲೆ ತಗ್ಗಿಸಿ ಯಾರದೋ ಬಾಟಲಿಗೆ ಕಾಗದದ ಪಟ್ಟಿ ಅಂಟಿಸತೊಡಗಿದೆ.

"ಕೊಟ್ಟಿಗ್ಯಾಗ ನಿಂತಿದ್ದೆ. ಕಿಸೇಕ ಬಾಯಿ ಹಾಕಿ ಪೊಟ್ಟಣ ಎಳಕೊಂಡು ಕಾಗದ ಸುದ್ದಾ ತಿಂದೈತಿ. ಸಂಜಿಗೆ ಹಾಲು ಜಾಸ್ತಿ ಕೊಟ್ಟೈತಿ. ಇಷ್ಟು ದಿನಾ ನನಗ ಕುಡಿಸಿದ್ರಲ್ಲ, ನನ್ನ ಕಡಿಂದನೂ ಹಾಲು ಹಿಂಡೂ ವಿಚಾರ ಐತೇನು ನಿಮ್ಮ ಸರ್ಕಾರದ್ದು?"

ಸಾಲಿನಲ್ಲಿದ್ದ ಮಂದಿ ಸೆರಗು, ಟವೆಲ್ಲು, ಕೈಗೆ ಸಿಕ್ಕಿದ್ದು ಬಾಯಿಗೊತ್ತಿಕೊಂಡು ನಕ್ಕರು. ಗೌಡರು ನನ್ನ ಮೇಲಿನ ಸಿಟ್ಟನ್ನು ನುಂಗಿದರು, ಆದರೆ ಮಂದಿ ನಕ್ಕಿದ್ದನ್ನು ನುಂಗಲಿಲ್ಲ. ಅಂದಿನಿಂದ ಪುಡಿ ಬಂದ್, ಮತ್ತೆ ಬಾಟಲಿ. ಬಾಟಲಿ ತುಂಬಿಸಲು ತಾವು ಬರುವುದನ್ನೂ ನಿಲ್ಲಿಸಿ ಮಗಳು ಗಿರಿಜಾಳನ್ನು ಕಳಿಸತೊಡಗಿದರು.

ಗಿರಿಜಾ ಮೆಟ್ರಿಕ್ ಮುಗಿಸಿ ಮನೆಯಲ್ಲಿದ್ದಳು. ನಗುಮುಖದ ಹುಡುಗಿ, ಆದರೆ ಆ ದಿನಗಳಲ್ಲಿ ಅವಳ ಮುಖವೂ ಅಪ್ಪನ ಮುಖದಂತೆಯೇ ಆಗಿತ್ತು. ಇವಳಿಗೂ ಅದೇ ಕಾಯಿಲೆಯೇ ಎಂದು ನಾನು ಎರಡನೆಯ ಬಾಟಲಿಗೆ ಕೈಹಾಕಿದೆ. ವೃತ್ತಿಯ ಚಟ.

"ನನಗ ಔಷಧ ಬ್ಯಾಡ್ರಿ ಕಾಕಾ" ಎಂದು ಅತ್ತೇಬಿಟ್ಟಳು.

ವಿಷಯ ಇಷ್ಟು. ಗೌಡರ ಮನೆಯ ಎದುರಿನ ಸಾಲೆಯಲ್ಲಿ ಒಂದು ವರ್ಷ ವಿರೂಪಾಕ್ಷ ಎಂಬ ಮಾಸ್ತರ ಇದ್ದರು. ಆಮೇಲೆ ತಮ್ಮೂರಾದ ಕುಷ್ಟಗಿಗೆ ವರ್ಗ ಮಾಡಿಸಿಕೊಂಡು ಹೋದರು. ಇಬ್ಬರೂ ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ. ಒಬ್ಬರನ್ನೊಬ್ಬರು ನೋಡುತ್ತಿದ್ದದ್ದು ಮಾತ್ರ ಗೌಡರೊಬ್ಬರನ್ನು ಬಿಟ್ಟು ಇಡೀ ಊರಿಗೆ ಗೊತ್ತಿತ್ತು. ಈಗ ಕುಷ್ಟಗಿಯಿಂದ ಹಿರಿಯರ ಮೂಲಕ ಕ್ರಮಬದ್ಧವಾಗಿ ಹೆಣ್ಣು ಕೇಳಿದ್ದರು. ಒಳ್ಳೆಯ ಮನೆತನ, ನಲವತ್ತು ಎಕರೆ ಎರೆಹೊಲ. ಗೌಡರು ಒಂದೇ ಮಾತಿನಲ್ಲಿ ಒಲ್ಲೆ ಎಂದಿದ್ದರು.

"ರೊಟ್ಟಿ ಮಂದಿಗೆ ಮಗಳನ್ನ ಕೊಡಾಂಗಿಲ್ಲ ಅಂತಾನ್ರಿ ಅಪ್ಪ. ಗಂಗಾವತಿ ಅಕ್ಕಿ ಗಿರಣಿಯವರ ಮಗ ಅದಾನಲ್ರಿ, ಈ ಸುಗ್ಗಿಗೆ ಅವರ ಸಂಗಾಟ ಮಾತು ಮುಗಸ್ತಾನಂತ. ನಾ ಏನ್ ಮಾಡ್ಲಿ ಕಾಕಾ?"

ಕಂಪೌಂಡರ್ ತರಬೇತಿಯಲ್ಲಿ ಇದಕ್ಕೆ ಮದ್ದು ಹೇಳಿಕೊಟ್ಟಿರಲಿಲ್ಲ. ನನಗೂ ಹೆಣ್ಣುಮಕ್ಕಳಿದ್ದಾರೆ. ಆ ಸಂಜೆ ನೀಲವ್ವನವರನ್ನು ಕಂಡೆ. ಅವರು ನನಗಿಂತ ಮುಂದಿದ್ದರು. ಗಂಡನಿಗೆ ಆಗಲೇ ಹೇಳಿಯಾಗಿತ್ತು: "ಮನಿ ನೋಡದ ಒಲ್ಲೆ ಅಂದ್ರ ಮಂದಿ ಆಡಿಕೊಳ್ತಾರ. ಹೋಗಿ, ನೋಡಿ, ಚಾ ಕುಡದು, ಒಲ್ಲೆ ಅಂತ ಅಲ್ಲೇ ಹೇಳಿ ಬರ್ರಿ. ಗೌಡಕಿ ಉಳೀತೈತಿ."

ಗೌಡಕಿ ಉಳಿಯುತ್ತದೆ ಎಂದರೆ ಗೌಡರು ಬಾವಿಗೂ ಬೀಳುವವರು. ಹೊರಟರು. ಪರವೂರಿನಲ್ಲಿ ಹೊಟ್ಟೆ ಕೈಕೊಟ್ಟರೆ ಎಂಬ ಭಯಕ್ಕೆ ಬಾಟಲಿಯ ಜೊತೆ ಕಂಪೌಂಡರನನ್ನೂ ಕರೆದುಕೊಂಡರು. ನಾನು ರಜೆ ಹಾಕಿದೆ. ಡಾಕ್ಟರು ನನ್ನ ಕಿವಿಯಲ್ಲಿ ಹೇಳಿ ಕಳಿಸಿದರು: "ಹೇಗಾದ್ರೂ ಮಾಡಿ ಮೂರು ದಿನ ಅವರಿಗೆ ರೊಟ್ಟಿ ತಿನ್ನಿಸ್ರೀ. ಆದರೆ ಒಮ್ಮೆಗೇ ಜಾಸ್ತಿ ಬೇಡ, ನೀರು ಮರೀಬೇಡಿ. ಅಭ್ಯಾಸ ಇಲ್ಲದ ಕರುಳಿಗೆ ದಿಢೀರಂತ ನಾರು ಬಿದ್ರೆ ಗಾಳಿ ತುಂಬಿಕೊಳ್ಳುತ್ತೆ."

ಕನಕಗಿರಿ, ತಾವರಗೇರಾ ದಾಟಿ ಬಸ್ಸು ಕುಷ್ಟಗಿ ಮುಟ್ಟಿತು. ದಾರಿಯುದ್ದಕ್ಕೂ ಗದ್ದೆ ಮುಗಿದು ಜೋಳದ ಹೊಲ ಬಂದದ್ದನ್ನು ಗೌಡರು ಅನುಮಾನದಿಂದ ನೋಡಿದರು.

ಹುಡುಗನ ಮನೆಯಲ್ಲಿ ಯಜಮಾನ ಹುಡುಗನ ತಂದೆ. ಆದರೆ ಯಜಮಾನಿಕೆ ಅವರ ತಾಯಿ ಸಂಗವ್ವಜ್ಜಿಯದು. ಕೈಕಾಲು ತೊಳೆದು ಕೂತೆವು. ಒಳಗಿನಿಂದ ಬಂದ ವಾಸನೆಗೆ ನಾನು ಅಡುಗೆಮನೆಯ ಕಡೆ ಕತ್ತು ಚಾಚಿದೆ. ಸಣ್ಣಕ್ಕಿ ಕುದಿಯುತ್ತಿತ್ತು. ಅನ್ನ ಉಣ್ಣುವ ಬೀಗರು ಬರುತ್ತಾರೆಂದು ಗಂಗಾವತಿಯಿಂದಲೇ ಅಕ್ಕಿ ತರಿಸಿದ್ದರು. ತಾವು ದಿನಾ ತಿನ್ನುವ ರೊಟ್ಟಿ ಬುಟ್ಟಿಯನ್ನು ಮಂಚದ ಕೆಳಗೆ ತಳ್ಳಿ ಮುಚ್ಚಿದ್ದರು. ಅವರಿಗೂ ಮರ್ಯಾದೆಯ ಪ್ರಶ್ನೆ, ಇವರಿಗೂ ಮರ್ಯಾದೆಯ ಪ್ರಶ್ನೆ, ನಡುವೆ ಗಿರಿಜಾಳ ಬಾಳು.

ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ನುಗ್ಗಿ ಅಜ್ಜಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಡಾಕ್ಟರು ಹೇಳಿದ್ದು, ಗೌಡರ ಹಟ, ಹುಡುಗಿಯ ಕಣ್ಣೀರು, ಎಮ್ಮೆಯ ಸಮಾಚಾರ, ಎಲ್ಲ. ಅಜ್ಜಿ ಎಮ್ಮೆಯ ಭಾಗವನ್ನು ಎರಡು ಸಲ ಹೇಳಿಸಿ ಕೇಳಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪಡಸಾಲೆಗೆ ನಡೆದಳು.

"ಗೌಡ್ರ, ತಪ್ಪು ತಿಳಕೋಬ್ಯಾಡ್ರಿ. ನಮ್ಮ ಮನ್ಯಾಗ ಹಿರಿಯಾರ ಕಾಲದಿಂದ ಒಂದು ಪದ್ಧತಿ ಐತಿ. ಹೆಣ್ಣಿನ ಕಡಿಯವರು ಮನಿ ನೋಡಾಕ ಬಂದ್ರ ಮೂರು ದಿನಾ ಇರಬೇಕು. ಮೂರು ದಿನಾನೂ ಜ್ವಾಳದ್ದ ಉಣ್ಣಬೇಕು. ಅಕ್ಕಿ ಮುಟ್ಟಬಾರ್ದು. ಮುಟ್ಟಿದ್ರ ಮನಿ ದೇವರಿಗೆ ಆಗಿಬರೂದಿಲ್ಲ."

ಅಜ್ಜಿಯ ಮಗ ಬಾಯಿ ತೆರೆದ. ಅವನ ಐವತ್ತು ವರ್ಷದ ಬದುಕಿನಲ್ಲಿ ಇಂಥ ಪದ್ಧತಿಯನ್ನು ಕೇಳಿರಲಿಲ್ಲ. ಅಜ್ಜಿ ಅವನ ಕಡೆ ಒಮ್ಮೆ ನೋಡಿದಳು. "ಹೌದ್ರಿ, ಹಂಗ ಐತ್ರಿ" ಎಂದು ಬಾಯಿ ಮುಚ್ಚಿದ.

ಪದ್ಧತಿ ಎಂದ ಮೇಲೆ ಶರಣೇಗೌಡರು ಏನು ಮಾಡಿಯಾರು? ಊರಿಗೆಲ್ಲ ಪದ್ಧತಿ ಹೇಳುವ ಮನುಷ್ಯ. "ಪದ್ಧತಿ ಮುರಿಯಾಕ ನಾ ಯಾರ್ರಿ?" ಎಂದು ಎದ್ದು ಕೈ ತೊಳೆದರು. ಅಂದಹಾಗೆ ಅಜ್ಜಿ ಆ ಕ್ಷಣ ಹುಟ್ಟಿಸಿದ ಪದ್ಧತಿಯನ್ನು ಆ ಮನೆಯವರು ಇಂದಿಗೂ ಪಾಲಿಸುತ್ತಾರೆ. ಯಾಕೆ ಎಂದು ಕೇಳಿದರೆ ಹಿರಿಯರ ಕಾಲದಿಂದ ಬಂದದ್ದು ಎನ್ನುತ್ತಾರೆ.

ಬಿಸಿ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು, ಗುರೆಳ್ಳು ಚಟ್ನಿ, ಮೇಲೆ ಬೆಣ್ಣೆ. ಮೊದಲ ತುತ್ತನ್ನು ಗೌಡರು ಕಹಿ ಔಷಧದಂತೆ ನುಂಗಿದರು. ಎರಡನೆಯದಕ್ಕೆ ಕೈ ತಾನೇ ಹೋಯಿತು. ಚಿಕ್ಕಂದಿನ ನಾಲಿಗೆ ಎಚ್ಚೆತ್ತಿರಬೇಕು. ನಾನು ಕಣ್ಣಿನಲ್ಲೇ ಸಾಕು ಸಾಕು ಎಂದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಐದು ರೊಟ್ಟಿ ಹೋದವು. ನೀರನ್ನು ಮಾತ್ರ ಮುಟ್ಟಲಿಲ್ಲ. "ಬಾವಿ ನೀರು ಸವಳು" ಎಂದು ತಂಬಿಗೆ ಸರಿಸಿಬಿಟ್ಟರು. ಸಿಹಿಯಾದ ಕಾಲುವೆ ನೀರು ಕುಡಿದವರ ಗತ್ತು.

ಡಾಕ್ಟರು ಹೇಳಿದ್ದು ಸಂಜೆಗೆ ಬಂತು. ಆ ಓಣಿಯ ಹಿರಿಯರೆಲ್ಲ ಪಡಸಾಲೆಯಲ್ಲಿ ಸೇರಿದ್ದರು. ಲಗ್ನದ ಮಾತಿಗೆ ಯಾರೋ ಪೀಠಿಕೆ ಹಾಕುತ್ತಿದ್ದರು. ಗೌಡರು ಎಲ್ಲರ ಮುಂದೆ ಗತ್ತಿನಿಂದ ಒಲ್ಲೆ ಎನ್ನಲು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಅವರ ಹೊಟ್ಟೆ ಮಾತಾಡಿತು. ಮೊದಲು ದೂರದಲ್ಲಿ ಎತ್ತಿನಗಾಡಿ ಹೋದಂತೆ. ಆಮೇಲೆ ಗಾಡಿ ಹತ್ತಿರ ಬಂತು. ಗೌಡರು ಕೆಮ್ಮಿ ಮುಚ್ಚಲು ನೋಡಿದರು. ಕೆಮ್ಮಿದ ರಭಸಕ್ಕೆ ಮುಚ್ಚಿಟ್ಟದ್ದೆಲ್ಲ ಬೇರೆ ದಾರಿಯಿಂದ ಹೊರಬಿತ್ತು. ಪಡಸಾಲೆಯ ಕಂಬದ ಮೇಲಿದ್ದ ಗುಬ್ಬಿ ಹಾರಿಹೋಯಿತು. ನಾನು ಸುಳ್ಳು ಹೇಳುತ್ತಿಲ್ಲ, ಕಣ್ಣಾರೆ ಕಂಡೆ.

ಗೌಡರ ಮುಖ ಕೆಂಪಾಗಿ, ಕಪ್ಪಾಗಿ, ಬಿಳುಪಾಯಿತು. ಮುಗಿಯಿತು ಕಥೆ ಎಂದುಕೊಂಡೆ. ಇನ್ನು ಈ ಮನುಷ್ಯ ಈ ಊರಿನ ಹೆಸರು ಕೇಳಿದರೂ ಉರಿದುಬೀಳುತ್ತಾರೆ, ಗಿರಿಜಾ ಗಿರಣಿಯ ಪಾಲು.

ಆದರೆ ಒಬ್ಬರೂ ನಗಲಿಲ್ಲ. ಹಿರಿಯರು ನೆಲ ನೋಡಲಿಲ್ಲ, ಮುಖ ಮುಖವನ್ನೂ ನೋಡಿಕೊಳ್ಳಲಿಲ್ಲ. ಹುಡುಗನ ತಂದೆ ಈ ಸಲದ ಹಿಂಗಾರಿ ಮಳೆಯ ಮಾತು ತೆಗೆದರು. ಹುಡುಗ ವಿರೂಪಾಕ್ಷ ಎದ್ದು ಹೋಗಿ ಒಂದು ದೊಡ್ಡ ಚೆಂಬಿನಲ್ಲಿ ಮಜ್ಜಿಗೆ ತಂದು ಗೌಡರ ಪಕ್ಕದಲ್ಲಿಟ್ಟ. ಅಜ್ಜಿ ಬಾಗಿಲಲ್ಲಿ ನಿಂತು ಹೇಳಿದಳು: "ಕುಡೀರಿ ಗೌಡ್ರ. ಹೊಸ ಜ್ವಾಳ ಮೊದಲನೇ ದಿನಾ ಎಲ್ಲಾರಿಗೂ ಹಿಂಗ. ನನ್ನ ಲಗ್ನದಾಗ ನಮ್ಮಪ್ಪಂದು ಇದ್ಕಿಂತ ಜೋರಿತ್ತು." ಗೌಡರು ಚೆಂಬು ಎತ್ತಿ ಗಟಗಟ ಕುಡಿದರು. ಒಲ್ಲೆ ಎನ್ನುವ ಮಾತು ಆ ದಿನ ಹೊರಬರಲಿಲ್ಲ.

ಎರಡನೆಯ ದಿನ ನಾನು ಹಗ್ಗ ಬಿಗಿ ಹಿಡಿದೆ. ರೊಟ್ಟಿಗೆ ಮಿತಿ, ನೀರಿಗೆ ಮಿತಿಯಿಲ್ಲ. ಸವಳು ನೀರಿನ ದೂರು ನಿಂತಿತು. ಅಜ್ಜಿ ಜೋಳದ ನುಚ್ಚು ಮಾಡಿ ಮಜ್ಜಿಗೆ ಹಾಕಿದಳು. ಹೊಟ್ಟೆ ಗೊಣಗುತ್ತಿತ್ತು, ಆದರೆ ಸಭೆಯಲ್ಲಿ ಎದ್ದು ಮಾತಾಡಲಿಲ್ಲ.

ಮೂರನೆಯ ಮುಂಜಾನೆ ಗೌಡರು ಚರಿಗೆ ಹಿಡಿದು ಜೋಳದ ಹೊಲದ ಕಡೆ ಹೋದರು. ಬಸ್ಸಿನ ಹೊತ್ತು ಹತ್ತಿರವಾಗುತ್ತಿತ್ತು. ನಾನು ಕಟ್ಟೆಯ ಮೇಲೆ ಕೂತು ದಾರಿ ನೋಡುತ್ತಿದ್ದೆ. ಹುಡುಗನ ತಂದೆ ನನ್ನ ಪಕ್ಕ ಬಂದು ಕೂತರು. ಅಜ್ಜಿಯೂ ಬಂದಳು. ವಿರೂಪಾಕ್ಷ ಸಾಲೆಗೆ ಹೋಗಬೇಕಾದವನು ಸೈಕಲ್ ಹಿಡಿದು ಅಲ್ಲೇ ನಿಂತ. ಹೊಲದ ಕಡೆಗೇ ಕಣ್ಣು ನೆಟ್ಟು ನಾಲ್ವರೂ ಹೀಗೆ ಕಾದದ್ದನ್ನು ಈಗ ನೆನೆದರೆ ನಗು ಬರುತ್ತದೆ. ಆಗ ನಾನು ಮನೆದೇವರಿಗೆ ಕಾಯಿ ಹೇಳಿಕೊಂಡಿದ್ದೆ.

ಗೌಡರು ಬಂದರು. ಚರಿಗೆ ಕೈಯಲ್ಲಿ ತೂಗಾಡುತ್ತಿತ್ತು. ರುಮಾಲು ಓರೆಯಾಗಿತ್ತು. ನಡಿಗೆ ಹಗುರವಾಗಿತ್ತು. ಮೀಸೆಯ ಕೆಳಗೆ ನಗು ಇತ್ತು, ಅರ್ಧ ಅಲ್ಲ, ಪೂರ್ತಿ. ಕೈಕಾಲು ತೊಳೆದು ಕಟ್ಟೆಯ ಮೇಲೆ ಕೂತು, ಹುಡುಗನ ತಂದೆಯನ್ನು ಕರೆದರು.

"ಬೀಗರ, ಹುಡುಗ ಭಾಳ ಛಲೋ ಅದಾನ" ಎಂದರು.

ಹುಡುಗನ ಜೊತೆ ಅವರು ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. ವಿರೂಪಾಕ್ಷನ ಕೈ ತಪ್ಪಿ ಸೈಕಲ್ಲು ದಡಕ್ಕನೆ ಬಿತ್ತು.

ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಸುಮ್ಮನಿರಲಾರದೆ ಕೆಣಕಿದೆ: "ಗೌಡ್ರ, ರೊಟ್ಟಿ ಕೆಲಸ ಮಾಡ್ತು ನೋಡ್ರಿ."

ಅವರು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು: "ರೊಟ್ಟಿ ಹೊಟ್ಟಿ ಕೆಲಸ ಮಾಡ್ತು ಕಂಪೌಂಡ್ರ. ಮಗಳನ್ನ ಕೊಟ್ಟಿದ್ದು ರೊಟ್ಟಿಗಲ್ಲ. ಅವತ್ತು ಸಂಜಿಗೆ ನನ್ನ ಮಾನ ಹೋಗಿತ್ತು. ನಮ್ಮೂರಾಗಾದ್ರ ವರ್ಷಗಟ್ಟಲೆ ನಗತಿದ್ರು. ನಿಮ್ಮ ದವಾಖಾನ್ಯಾಗ ನಕ್ಕಾರಲ್ಲ, ಹಂಗ. ಆ ಮನ್ಯಾಗ ಒಬ್ಬರೂ ನಗಲಿಲ್ಲ. ಆ ಹುಡುಗ ಮಜ್ಜಿಗಿ ತಂದಿಟ್ಟ. ನಾಳೆ ನನ್ನ ಮಗಳು ಏನರ ತಪ್ಪು ಮಾಡಿದ್ರ, ಆಕಿಗೂ ಮಜ್ಜಿಗಿ ತಂದಿಡ್ತಾರ."

ದವಾಖಾನೆಯಲ್ಲಿ ಆ ದಿನ ಎಲ್ಲರಿಗಿಂತ ಕಷ್ಟಪಟ್ಟು ನಗು ತಡೆದವನು ನಾನೇ ಆಗಿದ್ದೆ.

ಲಗ್ನ ಚೆನ್ನಾಗಿ ಆಯಿತು. ಗೌಡರ ಹೊಟ್ಟೆಯ ಕಥೆಗೆ ಮಾತ್ರ ಹೊಸ ತೊಡಕು ಬಂತು. ತಮ್ಮೂರಲ್ಲಿ ರೊಟ್ಟಿ ಮುರಿಯಲು ಮರ್ಯಾದೆ ಇನ್ನೂ ಅಡ್ಡ, ಕುಷ್ಟಗಿಯಲ್ಲಿ ಮುರಿಯಲು ಪದ್ಧತಿ ಅಡ್ಡ. ಅವರ ಮನೆತನದ ಹಳೆಯ ಕಟ್ಟುಪಾಡಿನ ಪ್ರಕಾರ ಮಗಳಿಗೆ ಒಂದು ಕೂಸಾಗುವವರೆಗೆ ತಂದೆ ಅವಳ ಗಂಡನ ಮನೆಯಲ್ಲಿ ಉಣ್ಣುವಂತಿಲ್ಲ. ಉಣ್ಣದೆ ಕುಷ್ಟಗಿಗೆ ಹೋಗಿ ಅದೇ ದಿನ ಬರುವುದು ಆ ಬಸ್ಸುಗಳಲ್ಲಿ ಆಗದ ಮಾತು. ಅಜ್ಜಿಯಿಂದ ಕಲಿತವನು ನಾನು, ಸುಮ್ಮನಿರುತ್ತೇನೆಯೇ? ಡಾಕ್ಟರನ್ನು ಕೇಳಿ ಗೌಡರ ಮುಂದೆ ಹೇಳಿಸಿದೆ.

"ಗೌಡರೇ, ರೊಟ್ಟಿ ನಿಮಗೆ ಊಟ ಅಲ್ಲ, ಔಷಧಿ. ಔಷಧಿ ಯಾರ ಮನೆಯಲ್ಲಿ ತಗೊಂಡರೂ ದೋಷ ಇಲ್ಲ" ಎಂದು ಡಾಕ್ಟರು ಗಂಭೀರವಾಗಿ ಹೇಳಿದರು.

ಗೌಡರು ಎರಡು ವಾರಕ್ಕೊಮ್ಮೆ ಔಷಧಿಗೆ ಕುಷ್ಟಗಿಗೆ ಹೋಗತೊಡಗಿದರು. ಯಾರಾದರೂ ಹುಬ್ಬೇರಿಸಿದರೆ "ಡಾಕ್ಟರ್ ಹೇಳ್ಯಾರ" ಎನ್ನುತ್ತಿದ್ದರು. ಒಂದೆರಡು ವರ್ಷದಲ್ಲಿ ಕಾಲವೂ ಬದಲಾಯಿತು. ಜಾಡಿ ಹೋಗಿ ಗುಳಿಗೆ ಬಂದವು, ನನ್ನ ಕಾಗದದ ಹಲ್ಲುಗಳು ಉದುರಿದವು. ಇಸಬಗೋಲಿನ ಡಬ್ಬಿ ಗಂಗಾವತಿಯ ಅಂಗಡಿಯಲ್ಲಿ ಸಿಗತೊಡಗಿತು. ಅದೂ ಸಿಪ್ಪೆಯೇ, ಆದರೆ ಅಚ್ಚು ಹಾಕಿದ ಡಬ್ಬಿಯಲ್ಲಿ ಬಂದದ್ದರಿಂದ ಯಾರೂ ಎಮ್ಮೆಯ ಮಾತು ತೆಗೆಯಲಿಲ್ಲ. ನೀಲವ್ವ ರೊಟ್ಟಿಯ ಬುಟ್ಟಿಯನ್ನು 'ಗೌಡರ ಔಷಧ' ಎಂಬ ಹೆಸರಿನಲ್ಲಿ ಹಿತ್ತಲಿನಿಂದ ಪಡಸಾಲೆಗೇ ತಂದರು. ಗೌಡರು ಮನೆಯಲ್ಲೇ ದಿನಾ ರೊಟ್ಟಿ ತಿಂದು ಗಟ್ಟಿಯಾದರು.

ಒಂದು ಮಧ್ಯಾಹ್ನ ದವಾಖಾನೆ ಖಾಲಿಯಿದ್ದಾಗ ಬಂದು ನನ್ನ ಎದುರಿನ ಬೆಂಚಿನ ಮೇಲೆ ಕೂತರು. ಮುಖ ಮತ್ತೆ ಹಳೆಯಂತೆ ಗಂಟಿಕ್ಕಿತ್ತು. ನಾನು ವೃತ್ತಿಯ ಪ್ರಶ್ನೆ ಕೇಳಿದೆ: "ಬಯಲಕಡಿಗೆ ಸರಿಯಾಗಿ ಆಗೈತೇನ್ರಿ?"

"ಆಗೈತಿ. ದಿನಾ ಆಗತೈತಿ. ಅದ ತ್ರಾಸ ಆಗೈತಿ."

"ಅಂದ್ರ?"

ಗೌಡರು ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆ ದೊಡ್ಡ ರುಮಾಲಿಲ್ಲದೆ ಅವರು ಯಾರೋ ಒಬ್ಬ ಸಣ್ಣ ಮುದುಕನಂತೆ ಕಂಡರು.

"ಮನ್ಯಾಗ ರೊಟ್ಟಿ ಐತಿ, ಹೊಟ್ಟಿ ಛಲೋ ಐತಿ, ಮತ್ಯಾಕ ಕುಷ್ಟಗಿ ಅಂತಾಳ ನೀಲವ್ವ. ಏನ್ ಹೇಳ್ಲಿ? ಮಗಳನ್ನ ನೋಡದ ತಿಂಗಳಾತು ಕಂಪೌಂಡ್ರ. ಆಕಿಗಿನ್ನೂ ಕೂಸಿಲ್ಲ, ಔಷಧದ ನೆಪ ಇಲ್ದ ಅಲ್ಲಿ ಉಣ್ಣಾಂಗಿಲ್ಲ. ಏನರ ಒಂದು ಬ್ಯಾನಿ ಹೇಳ್ರಿ."

ನಾನು ಅವರ ನಾಲಿಗೆ ನೋಡಿದೆ, ನಾಡಿ ಹಿಡಿದೆ, ಹೊಟ್ಟೆ ಒತ್ತಿದೆ. ಎಲ್ಲ ನೆಟ್ಟಗಿತ್ತು, ಗೌಡರು ಗುಂಡುಕಲ್ಲಿನಂತಿದ್ದರು.

"ಕೆಟ್ಟೈತ್ರಿ ಗೌಡ್ರ, ಭಾಳ ಕೆಟ್ಟೈತಿ" ಎಂದೆ. "ಸಂಜಿ ಬಸ್ಸಿಗೇ ಹೊಂಡ್ರಿ."